ಇರಾವತಿ ಕರ್ವೆ ಮತ್ತು ಮಾನವಶಾಸ್ತ್ರದ ಮೊದಲ ಪಾಠ

ಸಾಂಸ್ಕೃತಿಕ ಮಾನವಶಾಸ್ತ್ರದ ಪರಿಚಯ ಪಾಠ ನಮ್ಮ ಪದವಿ ತರಗತಿಗಳಲ್ಲಿ ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಸಾಗುತ್ತದೆ. ಮೊದಲು ಎಡ್ವರ್ಡ್ ಟೈಲರ್ 1871ರಲ್ಲಿ ಸಂಸ್ಕೃತಿಗೆ ಕೊಟ್ಟ ವ್ಯಾಖ್ಯೆ, ಆಮೇಲೆ ಮಲಿನೋವ್‌ಸ್ಕಿ ಹೋದ ಟ್ರೋಬ್ರಿಯಾಂಡ್ ದ್ವೀಪಗಳು, ಮಾರ್ಗರೆಟ್ ಮೀಡ್ ಹೋದ ಸಮೋವಾ, ಕೊನೆಗೆ ಶಾಖೆಗಳ ಪಟ್ಟಿ. ಆಳಂದ, ಅಫಜಲಪುರ, ಜೇವರ್ಗಿಯಿಂದ ಬಸ್ಸು ಹಿಡಿದು ಬಂದ ವಿದ್ಯಾರ್ಥಿ ಇದನ್ನೆಲ್ಲ ನೀಟಾಗಿ ಬರೆದುಕೊಳ್ಳುತ್ತಾನೆ. ಬರೆದುಕೊಂಡು, ಇದು ಸಮುದ್ರದಾಚೆಯ ಯಾರದೋ ಸಂಗತಿ ಎಂದು ಪುಸ್ತಕ ಮುಚ್ಚುತ್ತಾನೆ. ಪದವಿ ಕಾಲೇಜಿನಲ್ಲಿ ಈ ವಿಷಯ ಕಲಿಸಿ, ಈಗ ಶಿಕ್ಷಣ ಮಹಾವಿದ್ಯಾಲಯದಲ್ಲಿ ಸಮಾಜವಿಜ್ಞಾನದ ಪ್ರಶಿಕ್ಷಣಾರ್ಥಿಗಳ ಜೊತೆ ಅದೇ ಮೂರು ತಾಲ್ಲೂಕುಗಳ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುತ್ತಿರುವವನು ನಾನು. ವ್ಯಾಖ್ಯೆಯನ್ನು ಬದಿಗಿಟ್ಟು ಒಬ್ಬ ವಿದ್ವಾಂಸೆಯ ಜೀವನದಿಂದ ಪಾಠ ಆರಂಭಿಸುವುದು ನನಗೆ ರೂಢಿಯಾಗಿದೆ. ಆಕೆ ಇರಾವತಿ ಕರ್ವೆ. ಆಕೆಯ ಹೆಸರು ಮಹಾರಾಷ್ಟ್ರದಲ್ಲಿ ಮನೆಮಾತು. ಭೀಮಾ ನದಿಯ ಈ ದಂಡೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಆಕೆ ಜೀವನವಿಡೀ ಕೇಳಿದ ಪ್ರಶ್ನೆಗಳ ಗಡಿರೇಖೆ ಸರಿಯಾಗಿ ನಮ್ಮ ಊರುಗಳ ನಡುವೆಯೇ ಹಾದುಹೋಗುತ್ತದೆ.

ಹುಟ್ಟಿದ್ದು 1905ರ ಡಿಸೆಂಬರ್ 15ರಂದು, ಬರ್ಮಾದಲ್ಲಿ. ತಂದೆ ಗಣೇಶ ಹರಿ ಕರ್ಮರ್ಕರ್ ಅಲ್ಲಿನ ಹತ್ತಿ ಕಂಪನಿಯೊಂದರಲ್ಲಿ ಎಂಜಿನಿಯರ್. ಆ ದೇಶದ ದೊಡ್ಡ ನದಿ ಐರಾವತಿಯ ಹೆಸರನ್ನೇ ಮಗಳಿಗೆ ಇಟ್ಟರು. ಏಳು ವರ್ಷದ ಹುಡುಗಿಯನ್ನು ಓದಿಗಾಗಿ ಪುಣೆಯ ಹುಜೂರಪಾಗಾ ಶಾಲೆಗೆ ಕಳುಹಿಸಿದರು. ಅಲ್ಲಿ ಸಹಪಾಠಿಯಾಗಿದ್ದ ಶಕುಂತಲಾ ಪರಾಂಜಪೆಯ ಮನೆಯವರು ಇರಾವತಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡರು. ಶಕುಂತಲಾರ ತಂದೆ ಆರ್. ಪಿ. ಪರಾಂಜಪೆ ಫರ್ಗ್ಯೂಸನ್ ಕಾಲೇಜಿನ ಪ್ರಾಂಶುಪಾಲರು, ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಮೊದಲ ಭಾರತೀಯ. ಪುಸ್ತಕಗಳು ತುಂಬಿದ, ದೇವರ ಬಗ್ಗೆ ನಿರ್ಭಿಡೆಯಿಂದ ವಾದ ಮಾಡಬಹುದಾದ ಮನೆ ಅದು. ಹಾಸ್ಟೆಲ್ಲಿನಲ್ಲಿ ಬೆಳೆದ ಮಗುವಿಗೆ ಇನ್ನೊಂದು ಮನೆ ಸಿಕ್ಕರೆ ಏನಾಗುತ್ತದೆಂಬುದು ವಸತಿ ಶಾಲೆಗಳಲ್ಲಿ ಕೆಲಸ ಮಾಡುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಹೇಳಬೇಕಾಗಿಲ್ಲ.

1926ರಲ್ಲಿ ಫರ್ಗ್ಯೂಸನ್ ಕಾಲೇಜಿನಿಂದ ತತ್ತ್ವಶಾಸ್ತ್ರದಲ್ಲಿ ಪದವಿ. ಆಮೇಲೆ ಶಿಷ್ಯವೇತನ ಪಡೆದು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಜಿ. ಎಸ್. ಘುರ್ಯೆಯವರ ಬಳಿ ಸಮಾಜಶಾಸ್ತ್ರ. ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸ್ ಕೂಡ ಮುಂದೆ ಇದೇ ಗುರುವಿನ ಶಿಷ್ಯರಾದರು. 1928ರಲ್ಲಿ ಮುಗಿಸಿದ ಸ್ನಾತಕೋತ್ತರ ಪ್ರಬಂಧಕ್ಕೆ ಇರಾವತಿ ಆಯ್ದುಕೊಂಡ ವಿಷಯ ಚಿತ್ಪಾವನ ಬ್ರಾಹ್ಮಣರು, ಅಂದರೆ ತನ್ನದೇ ಜಾತಿ. ತರಗತಿಯಲ್ಲಿ ನಾನು ಮೊದಲು ನಿಲ್ಲುವ ಜಾಗ ಇದು. ಮಾನವಶಾಸ್ತ್ರ ಅಂದರೆ ಮೇಲಿನವರು ಕೆಳಗಿನವರನ್ನು, ಪಟ್ಟಣದವರು ಕಾಡಿನವರನ್ನು ನೋಡುವ ಶಾಸ್ತ್ರ ಎಂಬ ನಂಬಿಕೆ ಆ ಕಾಲದಲ್ಲಿ ಗಟ್ಟಿಯಾಗಿತ್ತು. ಈಗಲೂ ಪೂರ್ತಿ ಹೋಗಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಕಿರುಯೋಜನೆ ಕೊಟ್ಟರೆ ಹತ್ತರಲ್ಲಿ ಎಂಟು ಮಂದಿ ಲಂಬಾಣಿ ತಾಂಡಾ ಎಂದು ಬರೆದುಕೊಂಡು ಬರುತ್ತಾರೆ. ತಾಂಡಾದಿಂದಲೇ ಬಂದ ವಿದ್ಯಾರ್ಥಿ ಅದೇ ಬೆಂಚಿನಲ್ಲಿ ಕೂತಿರುತ್ತಾನೆ. ಇರಾವತಿ ಮೊದಲು ತನ್ನ ಅಂಗಳವನ್ನೇ ಅಳೆದರು ಎಂಬುದನ್ನು ಅಂಥ ತರಗತಿಗೆ ಹೇಳುವುದು ಅವಶ್ಯ.

ಈ ನಡುವೆ ರಸಾಯನಶಾಸ್ತ್ರದ ಅಧ್ಯಾಪಕ ದಿನಕರ ಧೋಂಡೋ ಕರ್ವೆಯವರೊಂದಿಗೆ ಮದುವೆಯಾಗಿತ್ತು. ಮಾವ ಮಹರ್ಷಿ ಧೋಂಡೋ ಕೇಶವ ಕರ್ವೆ: ಸ್ವತಃ ವಿಧವೆಯನ್ನು ಮದುವೆಯಾದವರು, ಮಹಿಳಾ ವಿಶ್ವವಿದ್ಯಾಲಯ ಕಟ್ಟಿದವರು, 1958ರಲ್ಲಿ ಭಾರತರತ್ನ ಪಡೆದವರು. ಅಂಥವರೂ ಸೊಸೆ ಜರ್ಮನಿಗೆ ಓದಲು ಹೋಗುವುದಕ್ಕೆ ಒಪ್ಪಲಿಲ್ಲ. ಸುಧಾರಕರ ಮನೆಯಲ್ಲೂ ಹೊಸ್ತಿಲು ಇದ್ದೇ ಇರುತ್ತದೆ. ಗಂಡ ಒಪ್ಪಿದರು, ಮುಂದೆ ಗುಜರಾತಿನ ಮೊದಲ ಮುಖ್ಯಮಂತ್ರಿಯಾದ ಜೀವರಾಜ್ ಮೆಹ್ತಾ ಸಾಲ ಕೊಟ್ಟರು. 1928ರಲ್ಲಿ ಇರಾವತಿ ಹಡಗು ಹತ್ತಿದರು.

ಬರ್ಲಿನ್ನಿನಲ್ಲಿ ಆಕೆ ಸೇರಿದ್ದು ಕೈಸರ್ ವಿಲ್‌ಹೆಲ್ಮ್ ಮಾನವಶಾಸ್ತ್ರ ಸಂಸ್ಥೆಯನ್ನು. ಅದರ ನಿರ್ದೇಶಕ ಆಯ್ಗನ್ ಫಿಶರ್ ಜನಾಂಗ ಶ್ರೇಷ್ಠತೆಯನ್ನು ವಿಜ್ಞಾನದ ಹೆಸರಿನಲ್ಲಿ ಬೋಧಿಸಿದವರಲ್ಲಿ ಪ್ರಮುಖ. ಆಫ್ರಿಕಾದ ಜರ್ಮನ್ ವಸಾಹತಿನಲ್ಲಿ ಮಿಶ್ರ ಸಂತಾನದವರ ಮೇಲೆ ಸಂಶೋಧನೆ ಮಾಡಿ ಹೆಸರಾದವರು, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ರೆಕ್ಟರ್ ಆದವರು. ಅವರು ಈ ಭಾರತೀಯ ವಿದ್ಯಾರ್ಥಿನಿಗೆ ಕೊಟ್ಟ ವಿಷಯ ಮನುಷ್ಯರ ತಲೆಬುರುಡೆಯ ಎಡಬಲ ಭಾಗಗಳ ಅಸಮತೆ. ವಿಷಯದ ಹಿಂದೆ ಒಂದು ನಿರೀಕ್ಷೆ ಇತ್ತು. ಬಿಳಿಯ ಯುರೋಪಿಯನ್ನರ ಬುರುಡೆ ಒಂದು ಬದಿಗೆ ಹೆಚ್ಚು ಬೆಳೆದಿರುತ್ತದೆ, ಆದ್ದರಿಂದ ಅವರ ತರ್ಕಶಕ್ತಿ ಉಳಿದವರಿಗಿಂತ ಹೆಚ್ಚು ಎಂದು ತೋರಿಸುವುದು ಆ ನಿರೀಕ್ಷೆ. ಇರಾವತಿ ಬೇರೆಬೇರೆ ಕಡೆಯಿಂದ ಅಲ್ಲಿಗೆ ತಂದಿಟ್ಟಿದ್ದ ಸುಮಾರು 150 ಬುರುಡೆಗಳನ್ನು ಒಂದೊಂದಾಗಿ ಅಳೆದರು. ಅವುಗಳಲ್ಲಿ ವಸಾಹತುಗಳಿಂದ ಹೊತ್ತು ತಂದ ಮನುಷ್ಯರ ಬುರುಡೆಗಳೂ ಇದ್ದವು. ಅಳತೆಯ ಫಲ ಗುರುಗಳ ನಿರೀಕ್ಷೆಗೆ ಸರಿಹೊಂದಲಿಲ್ಲ. ಅಸಮತೆ ಎಲ್ಲ ಬುರುಡೆಗಳಲ್ಲೂ ಇದೆ, ಜನಾಂಗಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಆಕೆ ಬರೆದುಕೊಟ್ಟರು. ಪ್ರಬಂಧದ ಶೀರ್ಷಿಕೆಯಲ್ಲೇ ಅದು ಸಹಜ ಅಸಮತೆ ಎಂದಾಯಿತು.

ಇಪ್ಪತ್ತೈದರ ಹತ್ತಿರದ ವಯಸ್ಸು, ಪರದೇಶ, ತಲೆಯ ಮೇಲೆ ಸಾಲ, ಪದವಿ ಕೊಡಬೇಕಾದವರು ಅದೇ ಗುರು. ಪಾಠಯೋಜನೆಯಲ್ಲಿ ವೈಜ್ಞಾನಿಕ ಮನೋಭಾವ ಎಂದು ಉದ್ದೇಶದ ಕಾಲಮ್ಮಿನಲ್ಲಿ ಬರೆಯುವ ನಮಗೆ ಇದಕ್ಕಿಂತ ನೇರವಾದ ನಿದರ್ಶನ ಬೇಡ. ಆದರೆ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ಹೊಡೆಸಿದರೆ ಪಾಠ ಅರ್ಧವಾಗುತ್ತದೆ. ಫಿಶರ್ ಕಲಿಸಿದ ಅಳತೆಯ ವಿದ್ಯೆಯನ್ನು ಇರಾವತಿ ಬಿಡಲಿಲ್ಲ. ಭಾರತಕ್ಕೆ ಮರಳಿದ ಮೇಲೆ ದಶಕಗಳ ಕಾಲ ಜಾತಿಯಿಂದ ಜಾತಿಗೆ, ಊರಿಂದ ಊರಿಗೆ ಹೋಗಿ ತಲೆ, ಮೂಗು, ಎತ್ತರ ಅಳೆದರು. ಮಹಾರಾಷ್ಟ್ರದ ಅಳತೆಗಳನ್ನು ಕರ್ನಾಟಕ ಮತ್ತು ಒಡಿಶಾದವುಗಳೊಂದಿಗೆ ಹೋಲಿಸಿಯೂ ಬರೆದರು. ಮೂಗಿನ ಅಗಲದಿಂದ ಜನರ ಮೂಲ ಹುಡುಕುವ ಆ ಮಾರ್ಗವನ್ನು ಇಂದು ಯಾರೂ ಹಿಡಿಯುವುದಿಲ್ಲ. ತೀರ್ಮಾನವನ್ನು ತಿರಸ್ಕರಿಸಿದವರು ಸಾಧನವನ್ನು ಇಟ್ಟುಕೊಂಡರು. ಇದನ್ನು ವಿದ್ಯಾರ್ಥಿಗಳಿಂದ ಮುಚ್ಚಿಡಬಾರದೆಂದು ನನ್ನ ಅಭಿಪ್ರಾಯ.

ಮರಳಿದ ಮೇಲೆ 1931ರಿಂದ 1936ರವರೆಗೆ ಮುಂಬಯಿಯಲ್ಲಿ ಮಹಿಳಾ ವಿಶ್ವವಿದ್ಯಾಲಯದ ಕುಲಸಚಿವೆ. ಆ ಕಡತದ ಕೆಲಸ ಆಕೆಗೆ ಒಗ್ಗಲಿಲ್ಲ. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆದಾಗ ಸಮಾಜಶಾಸ್ತ್ರದ ರೀಡರ್ ಆಗಿ ಸೇರಿ, ನಿವೃತ್ತಿಯವರೆಗೂ ಅಲ್ಲೇ ಉಳಿದರು. ಪುರಾತತ್ತ್ವಜ್ಞ ಎಚ್. ಡಿ. ಸಂಕಾಲಿಯಾ ಅಲ್ಲಿ ಸಹೋದ್ಯೋಗಿ. ಇಬ್ಬರೂ ಸೇರಿ ಗುಜರಾತಿನ ಲಾಂಘ್ನಾಜ್‌ನಲ್ಲಿ ನಡೆಸಿದ ಉತ್ಖನನದಲ್ಲಿ ಮಧ್ಯ ಶಿಲಾಯುಗದ ಮನುಷ್ಯರ ಅಸ್ಥಿಪಂಜರಗಳು ದೊರೆತವು. 1947ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮಾನವಶಾಸ್ತ್ರ ವಿಭಾಗದ ಅಧ್ಯಕ್ಷತೆ. ಪುಣೆ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ವಿಭಾಗ ಹುಟ್ಟಿದ್ದೂ ಆಕೆಯಿಂದಲೇ. ಪುಣೆಯ ರಸ್ತೆಯಲ್ಲಿ ಸ್ಕೂಟರ್ ಓಡಿಸಿದ ಮೊದಲ ಹೆಂಗಸು, ಮಂಗಳಸೂತ್ರ ಕಟ್ಟದವರು, ಗಂಡನನ್ನು ಹೆಸರು ಹಿಡಿದು ಕರೆದವರು ಎಂಬ ವಿವರಗಳು ವಿದ್ಯಾರ್ಥಿನಿಯರಿಗೆ ಬಹಳ ಇಷ್ಟ. ಇಷ್ಟಪಡಲಿ, ಆದರೆ ಪರೀಕ್ಷೆಯ ಉತ್ತರದಲ್ಲಿ ಸ್ಕೂಟರ್ ಮಾತ್ರ ಉಳಿದು ಪುಸ್ತಕಗಳು ಮಾಯವಾಗದಂತೆ ನಾವು ನೋಡಿಕೊಳ್ಳಬೇಕು.

ಆ ಪುಸ್ತಕಗಳಲ್ಲಿ ದೊಡ್ಡದು 1953ರಲ್ಲಿ ಪ್ರಕಟವಾದ ಭಾರತದ ಬಂಧುತ್ವ ವ್ಯವಸ್ಥೆಯ ಅಧ್ಯಯನ. ಇರಾವತಿ ಭಾರತವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ಬಂಧುತ್ವ ವಲಯಗಳಾಗಿ ವಿಂಗಡಿಸಿದರು. ವಿಂಗಡಣೆಗೆ ಮುಖ್ಯ ಸಾಮಗ್ರಿ ಬೇರೆಬೇರೆ ಭಾಷೆಗಳ ನೆಂಟಸ್ತಿಕೆಯ ಪದಗಳು. ಪುಸ್ತಕ ಹಳೆಯದು, ಭಾಷೆ ಇಂಗ್ಲಿಷ್, ಗಾತ್ರ ದೊಡ್ಡದು. ಆದರೂ ಅದರ ತಿರುಳನ್ನು ಕರಿಹಲಗೆಯ ಮೇಲೆ ನಲವತ್ತು ನಿಮಿಷದಲ್ಲಿ ಕಟ್ಟಿಕೊಡಬಹುದು. ನಾನು ಮಾಡುವ ಕ್ರಮ ಹೀಗಿದೆ.

ತಾಯಿಯ ಅಣ್ಣತಮ್ಮಂದಿರನ್ನು ಏನೆನ್ನುತ್ತೀರಿ ಎಂದು ಕೇಳುತ್ತೇನೆ. ಮಾವ, ಮಾಮಾ, ಸೋದರಮಾವ. ಗಂಡನ ಅಥವಾ ಹೆಂಡತಿಯ ತಂದೆಯನ್ನು? ಮಾವ. ತಂದೆಯ ಅಕ್ಕತಂಗಿಯರನ್ನು? ಅತ್ತಿ, ಅತ್ತೆ. ಗಂಡನ ತಾಯಿಯನ್ನು? ಅತ್ತೆ. ಅಕ್ಕನ ಮಗನನ್ನು? ಅಳಿಯ. ಮಗಳ ಗಂಡನನ್ನು? ಅಳಿಯ. ಇಷ್ಟು ಬರೆದು ಸುಮ್ಮನೆ ನಿಂತರೆ ಸಾಕು. ಒಂದೆರಡು ನಿಮಿಷದಲ್ಲಿ ಯಾರಾದರೂ ಹಿಂದಿನ ಬೆಂಚಿನಿಂದ ಹೇಳುತ್ತಾರೆ: ಸೋದರಮಾವನ ಮಗಳನ್ನು ತರಬಹುದಾದ್ದರಿಂದ ಮಾವನೂ ಮಾವನೇ. ತಾಯಿಯ ತಂಗಿಯನ್ನು ಚಿಗವ್ವ ಅಥವಾ ಸಣ್ಣವ್ವ ಎನ್ನುತ್ತೇವೆ, ಅವಳ ಮಕ್ಕಳು ಅಣ್ಣತಮ್ಮ ಅಕ್ಕತಂಗಿ. ಅಲ್ಲಿ ಮದುವೆಯ ಮಾತೇ ಇಲ್ಲ. ಪದ ಬರೀ ಕರೆಯುವುದಕ್ಕಲ್ಲ, ಅದರೊಳಗೊಂದು ನಿಯಮ ಅಡಗಿದೆ ಎಂಬುದು ಆ ಹೊತ್ತಿನಲ್ಲಿ ಅವರಿಗೆ ಹೊಳೆಯುತ್ತದೆ. ಇದರ ಪಕ್ಕದಲ್ಲಿ ಹಿಂದಿಯ ಪದಗಳನ್ನು ಬರೆಸುತ್ತೇನೆ. ಮಾಮಾ ಬೇರೆ, ಸಸುರ್ ಬೇರೆ. ಮಾಮಾನ ಮಗಳು ಬಹನ್. ಉತ್ತರದಲ್ಲಿ ಹೆಣ್ಣು ಅಪರಿಚಿತರ ಮನೆಗೆ ಹೋಗುತ್ತಾಳೆ, ಅಲ್ಲಿ ಮಗಳು ಮತ್ತು ಸೊಸೆ ಎರಡು ಬೇರೆ ಲೋಕದವರು. ದಕ್ಷಿಣದಲ್ಲಿ ಅವಳು ಅನೇಕ ವೇಳೆ ಚಿಕ್ಕಂದಿನಿಂದ ಆಡಿ ಬೆಳೆದ ಮನೆಗೇ ಹೋಗುತ್ತಾಳೆ ಎಂಬುದು ಇರಾವತಿಯವರ ವಾದದ ಸಾರ. ಮಹಾರಾಷ್ಟ್ರ ಎರಡರ ನಡುವೆ. ಅಲ್ಲಿನ ಹಲವು ಜಾತಿಗಳಲ್ಲಿ ಸೋದರಮಾವನ ಮಗಳು ಒಪ್ಪಿತ, ಸೋದರತ್ತೆಯ ಮಗಳು ಇಲ್ಲ. ಕನ್ನಡದ ಕಡೆ ಎರಡೂ ಉಂಟು, ಅಕ್ಕನ ಮಗಳೂ ಉಂಟು.

ಇಲ್ಲಿ ನಮ್ಮ ತಾಲ್ಲೂಕುಗಳ ಸೊಗಸು ಬರುತ್ತದೆ. ಆಳಂದದ ವಿದ್ಯಾರ್ಥಿ ತಂದೆಯ ತಮ್ಮನನ್ನು ಕಾಕಾ ಎನ್ನುತ್ತಾನೆ, ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾನೆ; ಎರಡೂ ಮರಾಠಿಯಿಂದ ಬಂದವು. ಅದೇ ವಾಕ್ಯದಲ್ಲಿ ಅತ್ತಿ, ಅಳಿಯ, ಬೀಗರು ಎಂಬ ಕನ್ನಡದ ಪದಗಳೂ ಇರುತ್ತವೆ. ಪದ ಮರಾಠಿಯದಾದರೂ ಮದುವೆಯ ನಿಯಮ ಕನ್ನಡದ್ದೇ ಉಳಿದಿದೆಯೇ, ಅಥವಾ ನಿಯಮವೂ ಬದಲಾಗಿದೆಯೇ ಎಂದು ಹುಡುಕುವುದು ಒಂದು ಒಳ್ಳೆಯ ಕಿರುಯೋಜನೆ. ದಖನಿ ಮಾತಾಡುವ ಮನೆಯ ವಿದ್ಯಾರ್ಥಿನಿ ಮಾಮೂ, ಖಾಲಾ, ಚಾಚಾ, ಫುಪ್ಪು ಎಂದು ಇನ್ನೊಂದು ಪಟ್ಟಿ ಕೊಡುತ್ತಾಳೆ. ಅವಳ ಸಮುದಾಯದಲ್ಲಿ ಚಾಚಾನ ಮಗನೊಂದಿಗೂ ಮದುವೆಯಾಗಬಹುದು, ಕನ್ನಡದ ಲೆಕ್ಕದಲ್ಲಿ ಅವನು ಅಣ್ಣ. ಲಂಬಾಣಿ ಭಾಷೆಯ ಪಟ್ಟಿ ಮತ್ತೂ ಬೇರೆ. ನಾಲ್ಕು ಪಟ್ಟಿಗಳು ಒಂದೇ ಹಲಗೆಯ ಮೇಲೆ ಬಂದಾಗ, ಯಾವುದು ಸಹಜ ಯಾವುದು ವಿಚಿತ್ರ ಎಂಬ ಮಾತು ತಾನೇ ಸಡಿಲವಾಗುತ್ತದೆ. ಪಠ್ಯದಲ್ಲಿ ಸಾಂಸ್ಕೃತಿಕ ಸಾಪೇಕ್ಷತೆ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಇದೇ.

ಇರಾವತಿಯವರ ಪುಸ್ತಕ ಇಲ್ಲೊಂದು ಕಡೆ ಕೈಕೊಡುತ್ತದೆ. ಮುಸ್ಲಿಮರಿಗೆ ಅದರಲ್ಲಿ ಸಿಕ್ಕ ಜಾಗ ಬಹಳ ಕಡಿಮೆ. ಸಂಸ್ಕೃತ ಗ್ರಂಥಗಳು, ಮಹಾಭಾರತ, ವೇದಗಳಿಂದ ಹೊರಟು ಇಂದಿನ ಬಂಧುತ್ವಕ್ಕೆ ಬರುವ ಆಕೆಯ ದಾರಿಯಲ್ಲಿ ಭಾರತೀಯ ಸಮಾಜವೆಂದರೆ ಬಹುಮಟ್ಟಿಗೆ ಹಿಂದೂ ಸಮಾಜವೇ. ಲಾಡ್ಲೆ ಮಶಾಯಕರ ದರ್ಗಾದ ನೆರಳಿನಲ್ಲಿ ಬೆಳೆದ ಆಳಂದದ ವಿದ್ಯಾರ್ಥಿನಿ ಆ ವಲಯ ನಕ್ಷೆಯಲ್ಲಿ ತನ್ನನ್ನು ಹುಡುಕಿದರೆ ಸಿಗುವುದಿಲ್ಲ. ಆ ಖಾಲಿ ಜಾಗವನ್ನು ತುಂಬುವ ಕೆಲಸವನ್ನು ಅವಳಿಗೇ ವಹಿಸಬಹುದು. ನನ್ನ ತರಗತಿಗಳಲ್ಲಿ ಅತ್ಯುತ್ತಮ ಪಟ್ಟಿಗಳು ಬಂದಿರುವುದು ಹೀಗೆಯೇ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ. ಈ ಪಾಠವನ್ನು ಪ್ರೌಢಶಾಲೆಗೆ ಒಯ್ಯುವಾಗ ವಂಶವೃಕ್ಷ ಬರೆಸಲು ಹೋಗಬೇಡಿ. ತಂದೆಯ ಹೆಸರಿನ ಜಾಗ ಖಾಲಿ ಬಿಡಬೇಕಾದ ಮಗು, ತಾಯಿ ಬೇರೆ ಮದುವೆಯಾದ ಮಗು, ಜಾತಿ ಮೀರಿ ಮದುವೆಯಾದ್ದರಿಂದ ಅಜ್ಜನ ಮನೆಯ ಬಾಗಿಲು ಮುಚ್ಚಿಸಿಕೊಂಡ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಮನೆಯ ಜನರನ್ನು ಕೇಳದೆ ಪದಗಳನ್ನು ಕೇಳಿ. ಪದ ಎಲ್ಲ ಮಕ್ಕಳಿಗೂ ಸೇರಿದ್ದು. ಹಾಗೆಯೇ ಅಕ್ಕನ ಮಗಳ ಮದುವೆ ಎಂದೊಡನೆ ಆನುವಂಶಿಕ ಕಾಯಿಲೆಗಳ ಭಾಷಣ ಆರಂಭಿಸುವ ಅಭ್ಯಾಸವನ್ನು ಕೆಲವರಲ್ಲಿ ಕಂಡಿದ್ದೇನೆ. ಆ ವಿಷಯ ಮುಖ್ಯವೇ. ಜೀವಶಾಸ್ತ್ರದ ಅವಧಿಯಲ್ಲಿ ಹೇಳಲಿ. ಅಂಥ ಮದುವೆಯಿಂದಲೇ ಹುಟ್ಟಿದ ಮಗು ಎದುರಿಗೆ ಕೂತಿರುವಾಗ ನಾವು ಮೊದಲು ಆ ಪದ್ಧತಿಯನ್ನು ಅರ್ಥ ಮಾಡಿಕೊಳ್ಳಬೇಕು.

ಜಾತಿಯ ವಿಷಯದಲ್ಲಿ ಇರಾವತಿ ತಮ್ಮ ಗುರು ಘುರ್ಯೆಯವರನ್ನೇ ವಿರೋಧಿಸಿದರು. ಮೊದಲು ದೊಡ್ಡ ಜಾತಿ ಒಂದಿತ್ತು, ಅದು ಒಡೆದು ಒಳಜಾತಿಗಳಾದವು ಎಂಬುದು ಗುರುವಿನ ಅಭಿಪ್ರಾಯ. ಇರಾವತಿ ಮಹಾರಾಷ್ಟ್ರದ ಕುಂಬಾರರನ್ನು ನೋಡಿದರು. ಒಂದೇ ಹೆಸರು, ಒಂದೇ ಕಸುಬು. ಆದರೆ ಒಳಗಿನ ಗುಂಪುಗಳು ತಮ್ಮತಮ್ಮಲ್ಲೇ ಹೆಣ್ಣು ತಂದುಕೊಳ್ಳುತ್ತವೆ, ಚಕ್ರ ತಿರುಗಿಸುವ ರೀತಿ ಸಹ ಎಲ್ಲರದೂ ಒಂದೇ ಅಲ್ಲ. ಹಾಗಾಗಿ ಮೂಲ ಘಟಕ ಈ ಸಣ್ಣ ಗುಂಪೇ. ಬೇರೆಬೇರೆ ಕಡೆಯಿಂದ ಬಂದ ಗುಂಪುಗಳು ಒಂದೇ ಕಸುಬಿನ ಹೆಸರಿನಡಿ ಸೇರಿಕೊಂಡಿವೆ ಎಂದು ವಾದಿಸಿದರು. 1961ರ ಹಿಂದೂ ಸಮಾಜದ ಕುರಿತ ಪುಸ್ತಕದಲ್ಲಿ ಈ ವಾದ ವಿಸ್ತಾರವಾಗಿ ಇದೆ. ಗುರುಶಿಷ್ಯರಲ್ಲಿ ಯಾರು ಸರಿ ಎಂಬ ಚರ್ಚೆಯನ್ನು ಸ್ನಾತಕೋತ್ತರದವರಿಗೆ ಬಿಟ್ಟು ಮುಂದೆ ಹೋಗುತ್ತೇನೆ.

ಆಕೆಯ ಕ್ಷೇತ್ರಕಾರ್ಯದ ರೀತಿಯ ಬಗ್ಗೆ ಒಂದು ಮಾತು. ಅದೇ ಗುರುವಿನ ಶಿಷ್ಯ ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದೇ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದರು. ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದರು. ಇರಾವತಿ ನಿಲ್ಲುವವರಲ್ಲ. ಇಂದು ಇಲ್ಲಿ, ನಾಳೆ ಅಲ್ಲಿ. ಬಸ್ಸು, ರೈಲು, ಕಾಲ್ನಡಿಗೆ. ಕೊಡಗು, ಮಲಬಾರು, ಒಡಿಶಾ, ಬಿಹಾರ. ಹೀಗೆ ಓಡಾಡಿ ನೋಡಿದ್ದು ಆಳಕ್ಕೆ ಇಳಿಯುವುದಿಲ್ಲ ಎಂಬ ಟೀಕೆ ಆಕೆಯ ಮೇಲಿದೆ, ಅದರಲ್ಲಿ ಸತ್ಯವೂ ಇದೆ. ಆದರೆ ಬೋಧನಾಭ್ಯಾಸದ ವಾರಗಳಲ್ಲಿ ಮೂರು ತಾಲ್ಲೂಕುಗಳ ಮೂರು ಶಾಲೆ ಸುತ್ತುವ ಪ್ರಶಿಕ್ಷಣಾರ್ಥಿಗೆ ಶ್ರೀನಿವಾಸರ ಮಾದರಿ ಎಟುಕುವುದಿಲ್ಲ, ಇರಾವತಿಯವರದು ಎಟುಕುತ್ತದೆ. ಒಂದೇ ಪ್ರಶ್ನೆಯನ್ನು ಹಿಡಿದು ಹಲವು ಊರಲ್ಲಿ ಕೇಳುವುದು ಅದರ ಗುಟ್ಟು.

ಹಾಗೆ ನಡೆದ ಪ್ರಯಾಣಗಳಲ್ಲಿ ನಮಗೆ ಅತ್ಯಂತ ಹತ್ತಿರವಾದದ್ದು ಪಂಢರಪುರದ ವಾರಿ. ವಿದ್ಯಾರ್ಥಿಗಳಿಗೆ ಮೊದಲೇ ಸ್ಪಷ್ಟಪಡಿಸಬೇಕು: ಆಳಂದಿ ಬೇರೆ, ನಮ್ಮ ಆಳಂದ ಬೇರೆ. ಜ್ಞಾನೇಶ್ವರರ ಸಮಾಧಿ ಇರುವ ಆಳಂದಿ ಪುಣೆಯ ಪಕ್ಕದಲ್ಲಿದೆ. ಅಲ್ಲಿಂದ ಅವರ ಪಾದುಕೆಗಳ ಪಲ್ಲಕ್ಕಿ ಆಷಾಢ ಏಕಾದಶಿಗೆ ಪಂಢರಪುರ ಮುಟ್ಟುವಂತೆ ಪ್ರತಿ ವರ್ಷ ಹೊರಡುತ್ತದೆ, ಸುಮಾರು 250 ಕಿಲೋಮೀಟರ್ ಕಾಲ್ನಡಿಗೆ. ಇರಾವತಿ ಒಂದು ದಿಂಡಿಯ ಜೊತೆ ಸೇರಿ ನಡೆದರು. ದೇವರಲ್ಲಿ ಅಂಥ ಭಕ್ತಿಯೇನೂ ಇರದ ವಿದ್ವಾಂಸೆ. ನಡೆಯುತ್ತ ನಡೆಯುತ್ತ ಕೀರ್ತನೆಗೆ, ಜನರ ಸಲಿಗೆಗೆ ಸೋತರು. ಮರಾಠಿಯಲ್ಲಿ ಆಕೆ ಬರೆದ ಲೇಖನವನ್ನು ಗಂಡ ದಿನಕರರೇ ಇಂಗ್ಲಿಷಿಗೆ ತಂದರು. ಅದು 1962ರಲ್ಲಿ ಏಷ್ಯಾ ಅಧ್ಯಯನದ ಪತ್ರಿಕೆಯೊಂದರಲ್ಲಿ ಬಂದು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಯಿತು.

ಆ ಲೇಖನದಲ್ಲಿ ಎರಡು ಸಂಗತಿಗಳು ಮುಖ್ಯ. ಒಂದು, ಊಟ. ದಾರಿಯುದ್ದಕ್ಕೂ ಒಂದೇ ಅಭಂಗ ಹಾಡುವವರು ಬಿಡಾರದಲ್ಲಿ ಬೇರೆಬೇರೆ ಒಲೆ ಹೂಡುತ್ತಿದ್ದರು. ಬ್ರಾಹ್ಮಣರ ಪಂಕ್ತಿ ಒಂದು, ಮರಾಠರದು ಇನ್ನೊಂದು. ಸಮಾನತೆಯ ಹಾಡು ಹಾಡಿದ ಸಂತರ ಹೆಸರಿನಲ್ಲೇ ಈ ಗೋಡೆ. ಇರಾವತಿಗೆ ಇದು ನೋವು ಕೊಟ್ಟಿತು. ಆಕೆ ಮರಾಠ ಹೆಂಗಸರ ಜೊತೆ ಊಟಕ್ಕೆ ಕೂತರು. ಅದಾದ ಮೇಲೆ ಅವರು ತನ್ನೊಂದಿಗೆ ಇನ್ನಷ್ಟು ಹತ್ತಿರವಾದದ್ದನ್ನು ಗಮನಿಸಿದರು. ಕ್ಷೇತ್ರಕಾರ್ಯದಲ್ಲಿ ತಟಸ್ಥ ವೀಕ್ಷಕ ಎಂಬ ಮಾತಿಗೆ ಎಷ್ಟು ಅರ್ಥವಿದೆ ಎಂದು ಕೇಳಲು ಇದು ಸಾಕು. ಬಿಸಿಯೂಟದ ಸಾಲಿನಲ್ಲಿ ಯಾರು ಯಾರ ಪಕ್ಕ ಕೂಡುತ್ತಾರೆ ಎಂದು ಶಾಲೆಯಲ್ಲಿ ಒಂದು ವಾರ ಸುಮ್ಮನೆ ನೋಡಿ ಬಂದ ಪ್ರಶಿಕ್ಷಣಾರ್ಥಿಗಳಿಗೆ ಈ ಭಾಗ ಬೇಗ ಅರ್ಥವಾಗುತ್ತದೆ.

ಎರಡನೆಯದು ಒಂದು ವ್ಯಾಖ್ಯೆ. ನಡೆಯುತ್ತಿರುವಾಗ ದಿನದಿನಕ್ಕೂ ಬೇರೆಬೇರೆ ಊರಿನ ದಿಂಡಿಗಳು ಬಂದು ಸೇರುವುದನ್ನು ಕಂಡ ಇರಾವತಿಗೆ ಮಹಾರಾಷ್ಟ್ರ ಎಂದರೇನು ಎಂಬುದಕ್ಕೆ ಹೊಸ ಉತ್ತರ ಹೊಳೆಯಿತು: ಯಾವ ನಾಡಿನ ಜನ ಪಂಢರಪುರದ ಯಾತ್ರೆಗೆ ಹೋಗುತ್ತಾರೋ ಅದೇ ಮಹಾರಾಷ್ಟ್ರ. ಭಾಷೆ, ಆಡಳಿತ, ಗಡಿಗಲ್ಲು ಯಾವುದೂ ಬೇಡ. ಜನರ ಕಾಲೇ ನಾಡನ್ನು ಬರೆಯುತ್ತದೆ. ಸುಂದರವಾದ ಮಾತು. ಅಫಜಲಪುರದ ತರಗತಿಯಲ್ಲಿ ಇದನ್ನು ಹೇಳಿ ನೋಡಿ, ಗದ್ದಲ ಏಳುತ್ತದೆ. ಯಾಕೆಂದರೆ ಅಲ್ಲಿ ಕೂತ ಅನೇಕರ ಅಜ್ಜಿಯರು ಪಂಢರಪುರಕ್ಕೆ ಹೋಗಿ ಬಂದವರು, ಕೊರಳಲ್ಲಿ ತುಳಸಿಮಣಿ ಇದ್ದವರು, ಮನೆಯಲ್ಲಿ ಕನ್ನಡ ಮಾತಾಡಿದವರು. ಈ ವ್ಯಾಖ್ಯೆಯ ಪ್ರಕಾರ ಅವರು ಮರಾಠಿಗರಾಗುತ್ತಾರೆಯೇ?

ಗದ್ದಲವನ್ನು ಅಡಗಿಸದೆ ಆಧಾರ ಕೇಳುವುದು ಅಧ್ಯಾಪಕನ ಕೆಲಸ. ಆಧಾರಗಳು ಧಾರಾಳವಾಗಿವೆ. ಪಂಢರಪುರದಲ್ಲೇ ಹೊಯ್ಸಳ ಸೋಮೇಶ್ವರನ ದತ್ತಿಯನ್ನು ಹೇಳುವ 1237ರ ಶಾಸನವಿದೆ. ಮರಾಠಿ ಸಂತರೇ ವಿಠ್ಠಲನನ್ನು ಕನ್ನಡದವನೆಂದು ಹಾಡಿದ್ದಾರೆ. ಪುರಂದರ ವಿಠಲ, ವಿಜಯ ವಿಠಲ, ಜಗನ್ನಾಥ ವಿಠಲ ಎಂದು ನಮ್ಮ ದಾಸರ ಅಂಕಿತಗಳು. ಇನ್ನು ನದಿ. ಪಂಢರಪುರದಲ್ಲಿ ಚಂದ್ರನ ಕೊರೆಯಂತೆ ಬಾಗುವುದರಿಂದ ಚಂದ್ರಭಾಗಾ ಎನಿಸಿಕೊಂಡ ಹೊಳೆಯೇ ಕೆಳಗೆ ಭೀಮೆಯಾಗಿ ಅಫಜಲಪುರ ತಾಲ್ಲೂಕಿಗೆ ಬರುತ್ತದೆ. ಆಳಂದದಲ್ಲಿ ಹುಟ್ಟಿದ ಅಮರ್ಜಾ ಗಾಣಗಾಪುರದ ಬಳಿ ಅದನ್ನು ಕೂಡುತ್ತದೆ. ಮುಂದೆ ಕಟ್ಟಿಸಂಗಾವಿಯ ಸೇತುವೆಯ ಕೆಳಗೆ ಹರಿದ ನೀರನ್ನು ದಾಟಿಯೇ ಕಲಬುರಗಿಯಿಂದ ಜೇವರ್ಗಿಗೆ ಹೋಗಬೇಕು. ಅದೇ ಗಾಣಗಾಪುರದ ದತ್ತನ ದರ್ಶನಕ್ಕೆ ಮಹಾರಾಷ್ಟ್ರದಿಂದ ಬರುವ ಜನಕ್ಕೆ ಲೆಕ್ಕವಿಲ್ಲ. ಯಾತ್ರೆಯ ಹೆಜ್ಜೆಯಿಂದಲೇ ನಾಡು ಬರೆಯುವುದಾದರೆ, ಗಾಣಗಾಪುರಕ್ಕೆ ಬರುವ ಪುಣೆಯವರನ್ನು ಕರ್ನಾಟಕಕ್ಕೆ ಸೇರಿಸಬೇಕಾಗುತ್ತದೆ ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಳು. ಇರಾವತಿ ಎದುರಿಗಿದ್ದರೆ ಈ ಮಾತಿಗೆ ನಕ್ಕು, ಅವಳನ್ನು ಸಂಶೋಧನೆಗೆ ಸೇರಿಸಿಕೊಳ್ಳುತ್ತಿದ್ದರೇನೋ.

ಆ ವ್ಯಾಖ್ಯೆ ಬಂದ ಕಾಲವನ್ನೂ ನೆನೆಯಬೇಕು. ನಿಜಾಮರ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಪಕ್ಕದ ಅಕ್ಕಲಕೋಟ, ಸೊಲ್ಲಾಪುರಗಳು ಅತ್ತ ಉಳಿದವು. ಭಾಷೆಯ ಮೇಲೆ ಗೆರೆ ಎಳೆಯುತ್ತಿದ್ದ ದಶಕದಲ್ಲಿ ಒಬ್ಬ ಮಾನವಶಾಸ್ತ್ರಜ್ಞೆ ಹೆಜ್ಜೆಯ ಮೇಲೆ ಗೆರೆ ಎಳೆದು ನೋಡಿದರು. ಎರಡೂ ಗೆರೆಗಳು ನಮ್ಮಲ್ಲಿ ಒಂದರ ಮೇಲೊಂದು ಕೂಡುವುದಿಲ್ಲ.

ಕೊನೆಯ ಹತ್ತು ವರ್ಷ ಕೆಲಸದ ರಾಶಿ. 1959-60ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಬೋಧನೆ. ಮಹಾಭಾರತದ ಪಾತ್ರಗಳನ್ನು ದೇವರೆಂದು ನೋಡದೆ ಮನುಷ್ಯರೆಂದು ನೋಡಿದ ಯುಗಾಂತ 1967ರಲ್ಲಿ ಬಂದು, ಮರುವರ್ಷ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಫಲಟಣ ಪಟ್ಟಣದ ಅಧ್ಯಯನ, ವಾರದ ಸಂತೆಗಳ ಅಧ್ಯಯನ. 1969ರಲ್ಲಿ ಮಗಳು ಜಾಯಿ ನಿಂಬಕರ್ ಜೊತೆ ಸೇರಿ ಕೊಯ್ನಾ ಅಣೆಕಟ್ಟೆಯಿಂದ ಮನೆ ಕಳೆದುಕೊಂಡವರ ಸಮೀಕ್ಷೆ. ಬುರುಡೆ ಅಳೆಯುವುದರಿಂದ ಆರಂಭಿಸಿದ ಸಂಶೋಧಕಿ ನೀರಿನಡಿ ಹೋದ ಊರುಗಳ ಜನರಿಗೆ ಹೊಸ ಜಾಗದಲ್ಲಿ ಏನಾಯಿತು ಎಂದು ಕೇಳುವಲ್ಲಿಗೆ ಬಂದಿದ್ದರು. 1970ರ ಆಗಸ್ಟ್ 11ರಂದು, ಅರವತ್ತೈದು ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡರು.

ಈ ಜೀವನಪಾಠದ ಕೊನೆಗೆ ಬರುವ ಚಟುವಟಿಕೆ ನಕ್ಷೆ ಬರೆಯುವುದು. ತಮ್ಮ ಊರಿನಿಂದ ಕಳೆದ ವರ್ಷ ಜನ ಯಾವ ಯಾವ ಜಾತ್ರೆ, ಉರುಸು, ಯಾತ್ರೆಗೆ ಹೋದರು ಎಂದು ಹತ್ತು ಮನೆಗಳಲ್ಲಿ ಕೇಳಿ, ಊರಿನಿಂದ ಆ ಜಾಗಕ್ಕೆ ಗೆರೆ ಎಳೆಯಬೇಕು; ಹೆಚ್ಚು ಮನೆಗಳಿಗೆ ದಪ್ಪ ಗೆರೆ. ಕಳೆದ ಸಲ ಆಳಂದದ ತಂಡದ ಗೆರೆಗಳು ಪಂಢರಪುರ, ತುಳಜಾಪುರ, ಅಕ್ಕಲಕೋಟದ ಕಡೆಗೆ ದಪ್ಪವಾಗಿದ್ದವು. ಕಲಬುರಗಿಯ ಬಂದೇನವಾಜರ ಉರುಸಿಗೂ ಶರಣಬಸವೇಶ್ವರರ ಜಾತ್ರೆಗೂ ಮೂರೂ ತಾಲ್ಲೂಕುಗಳಿಂದ ಗೆರೆ ಬಂದಿತ್ತು. ಜೇವರ್ಗಿಯ ತಂಡದ ಹಾಳೆಯಲ್ಲಿ ಪಂಢರಪುರದ ಗೆರೆ ಎಳೆಯಂತೆ ತೆಳ್ಳಗೆ, ಯುಗಾದಿಗೆ ನಡೆದು ಹೋಗುವ ಶ್ರೀಶೈಲದ ಗೆರೆ ದಪ್ಪ. ಒಂದು ಮನೆಯವರು ಮಾತ್ರ ಎರಡೂ ಕಡೆ ಹೋಗಿದ್ದರು: ಅಜ್ಜಿ ಪಂಢರಪುರಕ್ಕೆ, ಅದೇ ಅಜ್ಜಿಯ ಮೊಮ್ಮಗ ಶ್ರೀಶೈಲಕ್ಕೆ. ಆ ಮನೆಯನ್ನು ನಕ್ಷೆಯಲ್ಲಿ ಯಾವ ಬಣ್ಣದಲ್ಲಿ ಗುರುತಿಸಬೇಕೆಂದು ತಂಡ ಗಂಟೆ ಹೊಡೆಯುವವರೆಗೂ ವಾದಿಸುತ್ತಿತ್ತು. ಹಾಳೆ ಇನ್ನೂ ನಮ್ಮ ಸಮಾಜವಿಜ್ಞಾನ ಕೊಠಡಿಯ ಗೋಡೆಯ ಮೇಲಿದೆ, ಆ ಮನೆಯ ಚೌಕ ಬಣ್ಣವಿಲ್ಲದೆ.